ಹೊಸ್ತಿಲಾಚೆ ನಿಂತವರ ಲೆಕ್ಕ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ, ಅಂದರೆ ಎಲ್ಲರೂ ಯುಸಿಎಲ್ ಎಂದು ಕರೆಯುವ ಸಂಸ್ಥೆಯ, ವಿದ್ಯಾರ್ಥಿ ಕೇಂದ್ರದ ಬಾಗಿಲು ದಾಟಿದರೆ ಗಾಜಿನ ಪೆಟ್ಟಿಗೆಯೊಳಗೆ ಕುರ್ಚಿಯಲ್ಲಿ ಕೂತ ಒಬ್ಬ ಮುದುಕರು ಎದುರಾಗುತ್ತಾರೆ. ತಲೆಯ ಮೇಲೆ ಅಗಲ ಅಂಚಿನ ಹುಲ್ಲಿನ ಟೋಪಿ, ಜೊತೆಗೊಂದು ಊರುಗೋಲು. ಅವರು ಜೆರೆಮಿ ಬೆಂಥಮ್. 1832ರಲ್ಲಿ ತೀರಿಕೊಂಡ ಈ ತತ್ತ್ವಜ್ಞಾನಿ ಉಯಿಲಿನಲ್ಲಿ ಬರೆದಿಟ್ಟಂತೆ, ಅವರ ಅಸ್ಥಿಪಂಜರಕ್ಕೆ ಅವರದೇ ಬಟ್ಟೆ ತೊಡಿಸಿ, ಮೇಣದ ತಲೆ ಕೂರಿಸಿ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಾರೆ. ಹಗಲೂ ರಾತ್ರಿ ತೆರೆದಿರುವ ಆ ಕಟ್ಟಡದಲ್ಲಿ ಹುಡುಗ ಹುಡುಗಿಯರು ಅವರ ಪಕ್ಕದಲ್ಲೇ ಹಾದು ಹೋಗಿ ಖಾಲಿ ಮೇಜು ಹುಡುಕುತ್ತಾರೆ.

ಬೆಂಥಮ್ ಈ ಕಾಲೇಜನ್ನು ಕಟ್ಟಿದವರಲ್ಲ. ಕಟ್ಟಿದವರಿಗೆ ಅವರ ವಿಚಾರಗಳು ದಾರಿ ತೋರಿದವು. ಆದರೆ ಕಟ್ಟಿದ್ದು ಯಾಕೆ ಎಂಬುದನ್ನು ಇಂದು ನೆನೆಯಬೇಕು. 1826ರಲ್ಲಿ ಇಂಗ್ಲೆಂಡಿನಲ್ಲಿ ಇದ್ದದ್ದು ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡೇ ವಿಶ್ವವಿದ್ಯಾನಿಲಯ. ಆಂಗ್ಲಿಕನ್ ಚರ್ಚಿಗೆ ಸೇರದವನು ಆಕ್ಸ್‌ಫರ್ಡಿನ ಒಳಗೇ ಹೋಗುವಂತಿರಲಿಲ್ಲ; ಕೇಂಬ್ರಿಜ್‌ನಲ್ಲಿ ಓದಬಹುದಿತ್ತು, ಪದವಿ ಪಡೆಯುವಂತಿರಲಿಲ್ಲ. ಯಹೂದಿಗಳು, ಕ್ಯಾಥೊಲಿಕ್ಕರು, ಚರ್ಚಿನಿಂದ ಸಿಡಿದು ಹೋದ ಪಂಗಡಗಳವರು, ಯಾವ ದೇವರನ್ನೂ ನಂಬದವರು ಎಲ್ಲರೂ ಹೊಸ್ತಿಲಾಚೆ ನಿಂತಿದ್ದರು. ಅವರಿಗಾಗಿಯೇ ಗೋವರ್ ಸ್ಟ್ರೀಟಿನಲ್ಲಿ ಈ ಮನೆ ಎದ್ದಿತು. 1878ರಲ್ಲಿ ಹೆಣ್ಣುಮಕ್ಕಳಿಗೂ ಇಲ್ಲಿ ಪದವಿಯ ಬಾಗಿಲು ತೆರೆಯಿತು. ಅಲ್ಲಿಂದ ಅರ್ಧ ಗಂಟೆಯ ನಡಿಗೆಯಷ್ಟು ದೂರದಲ್ಲಿರುವ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಅಂದರೆ ಎಲ್‌ಎಸ್‌ಇ, ಹುಟ್ಟಿದ್ದೂ ಇಂಥ ಮನಸ್ಸಿನಿಂದಲೇ. ಡರ್ಬಿಯ ಒಬ್ಬ ವಕೀಲರು ಉಯಿಲಿನಲ್ಲಿ ಬಿಟ್ಟುಹೋದ ಹಣದಿಂದ ಸಿಡ್ನಿ ಮತ್ತು ಬಿಯಾಟ್ರಿಸ್ ವೆಬ್ ದಂಪತಿ, ಗ್ರಹಾಂ ವಾಲಸ್, ಬರ್ನಾರ್ಡ್ ಷಾ ಸೇರಿ 1895ರಲ್ಲಿ ಅದನ್ನು ಶುರುಮಾಡಿದರು. ಹಗಲು ದುಡಿಯುವ ಗುಮಾಸ್ತರು ಬರಲೆಂದು ಸಂಜೆಯ ಪಾಠಗಳಿದ್ದವು. ಮೊದಲ ದಿನದಿಂದಲೂ ಹೆಂಗಸರಿಗೆ ಪ್ರವೇಶವಿತ್ತು.

ಇಂಥ ಎರಡು ಮನೆಗಳ ಇಂದಿನ ಹೆಗ್ಗಳಿಕೆ ಯಾವುದು? ಎಲ್‌ಎಸ್‌ಇಯ ಪದವಿ ತರಗತಿಗಳಲ್ಲಿ ವರ್ಷಕ್ಕೆ ಇರುವುದು ಎರಡು ಸಾವಿರಕ್ಕೂ ಕಡಿಮೆ ಸೀಟು, ಬರುವ ಅರ್ಜಿ ಸುಮಾರು 25 ಸಾವಿರ. ಯುಸಿಎಲ್‌ಗೆ ಬರುವ ಅರ್ಜಿ 70 ಸಾವಿರ ದಾಟುತ್ತದೆ. ಪ್ರವೇಶದ ಮಾತು ಎತ್ತಿದ ಕೂಡಲೇ ಎಲ್ಲರೂ ಹೇಳುವುದು ಈ ಅಂಕಿಗಳನ್ನು. ಒಂದು ಸೀಟಿಗೆ ಎಷ್ಟು ಜನ, ನೂರಕ್ಕೆ ಎಷ್ಟು ಮಂದಿಗೆ ಆಫರ್. ಎಷ್ಟು ಜನರನ್ನು ಹಿಂದಕ್ಕೆ ಕಳಿಸಿದರೋ ಅಷ್ಟು ದೊಡ್ಡ ವಿದ್ಯಾಲಯ ಎಂಬ ನಂಬಿಕೆ ಲಂಡನ್ನಿನಲ್ಲೂ ಬೇರು ಬಿಟ್ಟಿದೆ, ನಮ್ಮ ಮೂಡುಬಿದಿರೆ, ಬೆಂಗಳೂರುಗಳಲ್ಲೂ ಬಿಟ್ಟಿದೆ. ಊಟದ ಮನೆಯ ಮುಂದೆ ಸಾಲು ಉದ್ದವಿದೆ ಎಂದರೆ ಬಂದವರು ಬಹಳ ಎಂದಷ್ಟೇ ಅರ್ಥ. ಒಳಗಿನ ಅಡುಗೆ ಹೇಗಿದೆ ಎಂದು ಉಂಡು ಎದ್ದವರನ್ನು ಕೇಳಬೇಕು. ಹೊಸ್ತಿಲಾಚೆ ನಿಂತವರನ್ನು ಎಣಿಸಿ ಮನೆಯ ಬೆಲೆ ಕಟ್ಟುವುದು ತಪ್ಪು, ಆ ತಪ್ಪು ಲೆಕ್ಕ ಒಳಗೆ ಹೋದವರನ್ನೂ ಹೊರಗೆ ಉಳಿದವರನ್ನೂ ಕೆಡಿಸುತ್ತಿದೆ ಎಂಬುದು ನನ್ನ ವಾದ.

ನಾನು ಕೆಲವು ವರ್ಷ ಲಂಡನ್ನಿನ ದಕ್ಷಿಣದಲ್ಲಿ ಶನಿವಾರದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಒಬ್ಬ ಹುಡುಗ ಕಾಗುಣಿತ ಮುಗಿಸಿ ಒತ್ತಕ್ಷರಕ್ಕೆ ಬಂದಿದ್ದ. ಅಕ್ಕ, ಅಜ್ಜ, ಹಳ್ಳಿ ಬರೆಯುತ್ತಿದ್ದ. ಒಂದು ಶನಿವಾರ ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಫೋನ್ ಮಾಡಿದಾಗ ಅವನ ತಾಯಿ ಸಂಕೋಚದಿಂದ ಹೇಳಿದರು: “ಇಲೆವೆನ್ ಪ್ಲಸ್ ಇದೆಯಲ್ಲ ಮೇಷ್ಟ್ರೇ, ಶನಿವಾರ ಟ್ಯೂಷನ್‌ಗೆ ಹಾಕಿದ್ದೀವಿ. ಮುಗಿದ ಮೇಲೆ ಕಳಿಸ್ತೀವಿ.” ಹುಡುಗನಿಗೆ ಆಗ ಒಂಬತ್ತು ವರ್ಷ. ಪರೀಕ್ಷೆ ಮುಗಿಯಿತು, ಅವನು ತಿರುಗಿ ಬರಲಿಲ್ಲ. ಅವನ ಎರಡುಗೆರೆ ಪುಸ್ತಕ ‘ಹಳ್ಳಿ’ಯ ಹತ್ತಿರ ನಿಂತಿದೆ, ನನ್ನ ಬಳಿ ಇನ್ನೂ ಇದೆ.

ಇಲೆವೆನ್ ಪ್ಲಸ್ ಏನೆಂದು ಊರಿನ ಓದುಗರಿಗೆ ಹೇಳಬೇಕು. ಗ್ರೇಟರ್ ಲಂಡನ್ನಿನಲ್ಲಿ ಸರ್ಕಾರದ ಹಣದಿಂದಲೇ ನಡೆಯುವ, ಆದರೆ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಗ್ರಾಮರ್ ಶಾಲೆಗಳು 19 ಉಳಿದಿವೆ. ಸಟ್ಟನ್, ಕಿಂಗ್‌ಸ್ಟನ್, ಬಾರ್ನೆಟ್ ಬಡಾವಣೆಗಳಲ್ಲಿ ನಮ್ಮವರು ಮನೆ ಹುಡುಕುವುದಕ್ಕೆ ಈ ಶಾಲೆಗಳೂ ಒಂದು ಕಾರಣ. ಬಾರ್ನೆಟ್‌ನ ಕ್ವೀನ್ ಎಲಿಜಬೆತ್ಸ್ ಶಾಲೆಯಲ್ಲಿ ಇನ್ನೂರಕ್ಕೂ ಕಡಿಮೆ ಸೀಟಿಗೆ ಮೂರು ಸಾವಿರಕ್ಕೂ ಹೆಚ್ಚು ಹುಡುಗರು ಪರೀಕ್ಷೆಗೆ ಕೂರುತ್ತಾರೆ. ಅವರಲ್ಲಿ ಬಹಳ ಮಂದಿಗೆ ಹತ್ತು ವರ್ಷ. ವಿಶ್ವವಿದ್ಯಾನಿಲಯದ ಸಾಲು ನಿಜಕ್ಕೂ ಶುರುವಾಗುವುದು ಇಲ್ಲಿಂದ.

ಈ ತಾಯಿತಂದೆಯರನ್ನು ಜರೆಯಲು ನನಗೆ ಮನಸ್ಸಿಲ್ಲ. ಅವರ ಭಯ ಸುಳ್ಳಲ್ಲ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಇಲ್ಲಿಗೆ ಬಂದ ನಮ್ಮ ವೈದ್ಯರಲ್ಲಿ ಅನೇಕರಿಗೆ ತಮಗೆ ಬೇಕಾದ ವಿಭಾಗ ಸಿಗಲಿಲ್ಲ. ಬಿಳಿಯ ವೈದ್ಯರು ಒಲ್ಲೆನೆಂದ ವೃದ್ಧರ ಚಿಕಿತ್ಸೆ, ಮನೋರೋಗದಂಥ ವಿಭಾಗಗಳೇ ಅವರ ಪಾಲಿಗೆ ಬಂದವು. ಅಂಥವರಲ್ಲಿ ಒಬ್ಬ ಹಿರಿಯರು ನನಗೆ ಹೇಳಿದ್ದರು: “ನಮಗೆ ಇಲ್ಲಿ ಪರಿಚಯದವರು ಯಾರೂ ಇಲ್ಲಪ್ಪ. ಮಾರ್ಕ್ಸೇ ನಮ್ಮ ಶಿಫಾರಸು ಪತ್ರ.” ಈ ಮಾತಿನಲ್ಲಿ ಸತ್ಯವಿದೆ. ಜಾತಿ, ಹಣ, ಪರಿಚಯ ಆಳುವ ಕಡೆ ಪರೀಕ್ಷೆ ಎಂಬುದು ಬಡವನ ಏಣಿ. ಕರ್ನಾಟಕದಲ್ಲಿ ಕ್ಯಾಪಿಟೇಶನ್ ಹಾವಳಿಯ ಕಾಲದಲ್ಲಿ ಸಿಇಟಿ ಎಷ್ಟು ಸಾಮಾನ್ಯ ಮನೆಗಳಿಂದ ಎಂಜಿನಿಯರುಗಳನ್ನು, ವೈದ್ಯರನ್ನು ಹೊರತಂದಿತು ಎಂದು ಬಲ್ಲವರಾರೂ ಪರೀಕ್ಷೆಯನ್ನು ಸುಮ್ಮನೆ ಬೈಯಲಾರರು. ನಾನು ಕೇಳುವುದು ಬೇರೆ ಪ್ರಶ್ನೆ. ಏಣಿ ಹತ್ತುವುದಕ್ಕೆ ಇದ್ದದ್ದು. ಅದೇ ಏಣಿಯಿಂದ ಮನುಷ್ಯರನ್ನು ಅಳೆಯಲು ನಾವು ಯಾವಾಗ ಶುರುಮಾಡಿದೆವು?

ಇದಕ್ಕೆ ಉತ್ತರ ಹುಡುಕಿದರೆ ಮತ್ತೆ ಗೋವರ್ ಸ್ಟ್ರೀಟಿಗೇ ಬರುತ್ತೇವೆ. ಮುಂದೆ ಯುಸಿಎಲ್ ಸೇರಿ ಅಲ್ಲಿ ಪ್ರಾಧ್ಯಾಪಕರಾದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಒಂದು ಪ್ರಬಂಧ ಬರೆದರು. ಒಂದು ವಿಷಯದಲ್ಲಿ ಮುಂದಿರುವ ಮಗು ಇನ್ನೊಂದರಲ್ಲೂ ಮುಂದಿರುತ್ತದೆ, ಆದ್ದರಿಂದ ಎಲ್ಲದರ ಹಿಂದೆ ‘ಸಾಮಾನ್ಯ ಬುದ್ಧಿಶಕ್ತಿ’ ಎಂಬುದೊಂದಿದೆ, ಅದನ್ನು ಅಳೆಯಬಹುದು ಎಂದು ವಾದಿಸಿದರು. 1932ರಲ್ಲಿ ಅವರ ಪೀಠಕ್ಕೆ ಬಂದ ಸಿರಿಲ್ ಬರ್ಟ್ ಇನ್ನೂ ಮುಂದೆ ಹೋಗಿ, ಬುದ್ಧಿ ಬಹುಪಾಲು ಹುಟ್ಟಿನಿಂದ ಬರುವುದು ಎಂದರು. 1944ರ ಶಿಕ್ಷಣ ಕಾಯ್ದೆಯ ನಂತರ ಹನ್ನೊಂದರ ವಯಸ್ಸಿಗೆ ಮಕ್ಕಳನ್ನು ಜಾಣರ ಶಾಲೆ, ಉಳಿದವರ ಶಾಲೆ ಎಂದು ವಿಂಗಡಿಸುವ ಪದ್ಧತಿ ಬಂದಾಗ ಅದಕ್ಕೆ ಬಲ ಕೊಟ್ಟದ್ದು ಇಂಥ ವಾದಗಳು. ಬರ್ಟ್ 1971ರಲ್ಲಿ ತೀರಿಕೊಂಡ ಮೇಲೆ ಅವಳಿ ಮಕ್ಕಳ ಬಗ್ಗೆ ಅವರು ಕೊಟ್ಟಿದ್ದ ಅಂಕಿಗಳ ಮೇಲೆಯೇ ಗಂಭೀರ ಸಂಶಯ ಎದ್ದಿತು. ಅದೇ ಕಾಲೇಜಿನೊಡನೆ ನಂಟಿದ್ದ ಫ್ರಾನ್ಸಿಸ್ ಗಾಲ್ಟನ್ ಮನುಷ್ಯರಲ್ಲಿ ಒಳ್ಳೆಯ ತಳಿ, ಕೆಟ್ಟ ತಳಿ ಎಂದು ಆರಿಸುವ ಶಾಸ್ತ್ರಕ್ಕೆ ಹೆಸರಿಟ್ಟವರು. 2020ರಲ್ಲಿ ಯುಸಿಎಲ್ ಅವರ ಹೆಸರನ್ನು ಉಪನ್ಯಾಸ ಮಂದಿರದಿಂದ ತೆಗೆಯಿತು, ಮರುವರ್ಷ ಆ ಇತಿಹಾಸಕ್ಕಾಗಿ ಕ್ಷಮೆ ಕೇಳಿತು. ಹೆಸರಿನ ಹಲಗೆ ಇಳಿದರೂ ಮನುಷ್ಯರನ್ನು ಒಂದೇ ಗೆರೆಯ ಮೇಲೆ ಹಿಂದೆ ಮುಂದೆ ನಿಲ್ಲಿಸಬಹುದು ಎಂಬ ನಂಬಿಕೆ ಇಳಿದಿಲ್ಲ. ಆ ನಂಬಿಕೆಯೇ ಒಂಬತ್ತು ವರ್ಷದ ಹುಡುಗನನ್ನು ನನ್ನ ಕನ್ನಡ ತರಗತಿಯಿಂದ ಎಬ್ಬಿಸಿಕೊಂಡು ಹೋಯಿತು.

ಸ್ಪಿಯರ್‌ಮನ್ ಅವರ ಬಳಿ ಕಲಿತವರಲ್ಲಿ ನಮ್ಮವರೂ ಒಬ್ಬರಿದ್ದರು. ಮೈಸೂರಿನ ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಪಿಎಚ್‌ಡಿ ಮುಗಿಸಿ ಬಂದು 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಇಂದು ಕನ್ನಡಿಗರು ಅವರನ್ನು ನೆನೆಯುವುದು ಬುದ್ಧಿಯ ಅಳತೆಗಾಗಿ ಅಲ್ಲ. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ 30 ವಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಅವರು ಬಾನುಲಿ ನಿಲಯ ಶುರುಮಾಡಿದರು. ಕೈಯಿಂದಲೇ ಹಣ ಹಾಕಿದರು. ‘ಆಕಾಶವಾಣಿ’ ಎಂಬ ಹೆಸರು ಹೊತ್ತದ್ದು ಆ ನಿಲಯ. ಮುಂದೆ ದೇಶದ ರೇಡಿಯೋಗೇ ಆ ಹೆಸರು ಸಂದಿತು. ಲಂಡನ್ನಿನ ಪಾಠಕ್ಕೆ ಬೆಲೆ ಕಟ್ಟಬೇಕಾದದ್ದು ಇಲ್ಲಿ, ಒಂಟಿಕೊಪ್ಪಲಿನ ಆ ಕೋಣೆಯಲ್ಲಿ. ಆ ವರ್ಷ ಸ್ಪಿಯರ್‌ಮನ್ ಅವರ ತರಗತಿಗೆ ಎಷ್ಟು ಅರ್ಜಿ ಬಂದಿದ್ದವು, ಎಷ್ಟು ತಿರಸ್ಕೃತವಾದವು ಎಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹಾಗೆಯೇ ಲಂಡನ್ ವಿಶ್ವವಿದ್ಯಾನಿಲಯದ ಡಿ.ಲಿಟ್. ಪಡೆದು ಬಂದ ಎಂ.ಎಚ್. ಕೃಷ್ಣ ಅವರನ್ನು ನಾವು ನೆನೆಯುವುದು ಹಲ್ಮಿಡಿ ಶಾಸನಕ್ಕಾಗಿ, ಬ್ರಹ್ಮಗಿರಿ, ಚಂದ್ರವಳ್ಳಿಯ ಉತ್ಖನನಕ್ಕಾಗಿ.

‘ಮೆರಿಟಾಕ್ರಸಿ’ ಎಂಬ ಮಾತಿನ ಕಥೆಯನ್ನೂ ಇಲ್ಲೇ ಹೇಳಬೇಕು, ಏಕೆಂದರೆ ಅದು ಎಲ್‌ಎಸ್‌ಇಯಲ್ಲಿ ಪಿಎಚ್‌ಡಿ ಮಾಡಿದ ಮೈಕೆಲ್ ಯಂಗ್ ಅವರಿಂದ ಪ್ರಚಾರಕ್ಕೆ ಬಂದದ್ದು. 1958ರಲ್ಲಿ ಅವರು ಬರೆದ ಪುಸ್ತಕ 2034ನೇ ಇಸವಿಯಲ್ಲಿ ನಿಂತು ಹಿಂದಿರುಗಿ ನೋಡುತ್ತದೆ. ಬುದ್ಧಿಯ ಅಂಕಕ್ಕೆ ಪರಿಶ್ರಮವನ್ನು ಕೂಡಿಸಿದರೆ ಅರ್ಹತೆ ಎಂದು ಲೆಕ್ಕ ಹಾಕುವ ಸಮಾಜ ಅದು. ಅಲ್ಲಿ ಮೇಲೇರಿದವರು ಎಲ್ಲ ನಮ್ಮ ಯೋಗ್ಯತೆಯಿಂದಲೇ ಸಿಕ್ಕಿತು ಎಂದು ಬೀಗುತ್ತಾರೆ, ಕೆಳಗುಳಿದವರು ಅದನ್ನು ನಂಬಿ ಕುಗ್ಗುತ್ತಾರೆ, ಕೊನೆಗೆ ದಂಗೆಯೇಳುತ್ತಾರೆ. ಯಂಗ್ ಎಚ್ಚರಿಕೆಯಾಗಿ ಬರೆದದ್ದನ್ನು ಲೋಕ ಆದರ್ಶವಾಗಿ ಓದಿಕೊಂಡಿತು. ಪ್ರಧಾನಿ ಟೋನಿ ಬ್ಲೇರ್ ಆ ಪದವನ್ನು ಹೊಗಳಿಕೆಯಾಗಿ ಬಳಸತೊಡಗಿದಾಗ, 2001ರಲ್ಲಿ, ವೃದ್ಧ ಯಂಗ್ ಪತ್ರಿಕೆಯಲ್ಲಿ ಲೇಖನ ಬರೆದು ಆಕ್ಷೇಪಿಸಿದರು.

ಯಂಗ್ ಹೆದರಿದ್ದನ್ನು ನಾನು ಒಂದು ಅಡುಗೆಮನೆಯಲ್ಲಿ ಕಣ್ಣಾರೆ ಕಂಡೆ. ಒತ್ತಕ್ಷರ ಬಿಟ್ಟು ಹೋದ ಆ ಹುಡುಗ ಈಗ ಹದಿನೇಳರ ತರುಣ. ಬ್ರಿಟನ್ನಿನಲ್ಲಿ ವಿಶ್ವವಿದ್ಯಾನಿಲಯದ ಪದವಿ ಅರ್ಜಿಗಳು ಬಹುತೇಕ ‘ಯೂಕಾಸ್’ ಎಂಬ ಒಂದೇ ವ್ಯವಸ್ಥೆಯ ಮೂಲಕ ಹೋಗುತ್ತವೆ. ಐದು ಕಡೆ ಕೇಳಬಹುದು. ಅವನು ಅರ್ಥಶಾಸ್ತ್ರಕ್ಕೆ ಐದೂ ಕಡೆ ಹಾಕಿದ್ದ. ನಾಲ್ಕು ‘ಇಲ್ಲ’ ಬಂದಿದ್ದವು, ಕೊನೆಯದು ಅಂದು ಮಧ್ಯಾಹ್ನ ಬಂದಿತ್ತು. ತಾಯಿ ಒಲೆಯ ಕಡೆ ಮುಖ ಮಾಡಿ ಚಪಾತಿ ಬೇಯಿಸುತ್ತಿದ್ದರು, ತಿರುಗಲಿಲ್ಲ. ಅವನು ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ನನ್ನನ್ನು ನೋಡಿ ಹೇಳಿದ: “ನಾನು ಅಷ್ಟು ಬುದ್ಧಿವಂತ ಅಲ್ಲ ಅಂತ ಗೊತ್ತಾಯ್ತಲ್ಲ ಅಂಕಲ್.” ಗಣಿತದಲ್ಲಿ ತರಗತಿಗೇ ಮೊದಲಿಗ, ತಮ್ಮನಿಗೆ ಭಿನ್ನರಾಶಿ ಹೇಳಿಕೊಡುವಾಗ ಸೇಬು ಹೆಚ್ಚಿ ತೋರಿಸುತ್ತಿದ್ದ ಹುಡುಗ. ಅವನಿಗೆ ಗೊತ್ತಾದದ್ದು ತಾನು ಬುದ್ಧಿವಂತನಲ್ಲ ಎಂದಲ್ಲ, ಸೀಟು ಕಡಿಮೆ ಇವೆ ಎಂದಷ್ಟೆ. ಆದರೆ ಅವನಿಗೆ ಆ ಎರಡರ ವ್ಯತ್ಯಾಸ ಹೇಳಿಕೊಡುವವರು ಯಾರೂ ಇರಲಿಲ್ಲ. ಶಾಲೆಯಿಲ್ಲ, ಮನೆಯಿಲ್ಲ, ನಮ್ಮ ಸಮುದಾಯವಂತೂ ಇಲ್ಲ.

ಅಂಚಿನಲ್ಲಿ ನಿಂತವರ ನಡುವೆ ನಾವು ಕಾಣುವ ಅಂತರ ಎಷ್ಟು ತೆಳುವಾದದ್ದು ಎಂಬುದಕ್ಕೆ 2020ರ ಬೇಸಿಗೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೋವಿಡ್‌ನಿಂದ ಶಾಲೆಯ ಕೊನೆಯ ಪರೀಕ್ಷೆಯಾದ ಎ ಲೆವೆಲ್ ರದ್ದಾಯಿತು. ಶಿಕ್ಷಕರು ಕೊಟ್ಟ ಗ್ರೇಡುಗಳನ್ನು ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್ ಒಂದು ಗಣಿತ ಸೂತ್ರಕ್ಕೆ ಹಾಕಿತು. ಶಾಲೆಯ ಹಿಂದಿನ ವರ್ಷಗಳ ಫಲಿತಾಂಶವೂ ಆ ಲೆಕ್ಕದಲ್ಲಿ ಸೇರಿತ್ತು. ಆಗಸ್ಟ್ 13, ಗುರುವಾರ ಫಲಿತಾಂಶ ಬಂದಾಗ ಸುಮಾರು ಶೇ. 40ರಷ್ಟು ಗ್ರೇಡುಗಳು ಶಿಕ್ಷಕರು ಕೊಟ್ಟದ್ದಕ್ಕಿಂತ ಕೆಳಗಿಳಿದಿದ್ದವು. ಮಕ್ಕಳು ಕಡಿಮೆ ಇರುವ ತರಗತಿಗಳಿಗೆ ಸೂತ್ರ ಪೂರ್ತಿ ಅನ್ವಯಿಸುತ್ತಿರಲಿಲ್ಲ, ಅಂಥ ತರಗತಿಗಳು ಹೆಚ್ಚಿದ್ದದ್ದು ಖಾಸಗಿ ಶಾಲೆಗಳಲ್ಲಿ. ಬಡ ಬಡಾವಣೆಯ ದೊಡ್ಡ ಶಾಲೆಯ ಮಗು ತನ್ನ ಶಾಲೆಯ ಹಳೆಯ ಸೋಲನ್ನು ಹೊರಬೇಕಾಯಿತು. ಮಕ್ಕಳು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬೀದಿಗಿಳಿದರು. 17ರ ಸೋಮವಾರ ಸರ್ಕಾರ ಹಿಂದೆ ಸರಿಯಿತು, ಶಿಕ್ಷಕರ ಗ್ರೇಡುಗಳೇ ಉಳಿದವು. ಗುರುವಾರ ಅನರ್ಹರಾಗಿದ್ದ ಸಾವಿರಾರು ಮಕ್ಕಳು ಸೋಮವಾರ ಅರ್ಹರಾದರು. ನಡುವೆ ಯಾರೂ ಒಂದು ಪುಟವನ್ನೂ ಹೆಚ್ಚು ಓದಿರಲಿಲ್ಲ. ಇನ್ನೊಂದನ್ನೂ ಗಮನಿಸಬೇಕು: ಸೀಟೇ ಇಲ್ಲ ಎಂದಿದ್ದ ವ್ಯವಸ್ಥೆ ಆ ವರ್ಷ ವೈದ್ಯಕೀಯ ಸೀಟುಗಳ ಮಿತಿಯನ್ನೂ ಸಡಿಲಿಸಿ ಮಕ್ಕಳಿಗೆ ಜಾಗ ಮಾಡಿತು.

ಈಗ ಒಳಗೆ ಹೋದವರ ಮಾತು. ಬಾಗಿಲಲ್ಲಿ ಕಲಿತದ್ದನ್ನೇ ಮಕ್ಕಳು ಒಳಗೂ ಮುಂದುವರಿಸುತ್ತಾರೆ. ಎಲ್‌ಎಸ್‌ಇಯ ಹೌಟನ್ ಸ್ಟ್ರೀಟ್ ಒಂದು ಕಾಲಕ್ಕೆ ವಾದ ವಿವಾದಗಳ ಬೀದಿ. ಬಿಳಿಯರ ಆಳ್ವಿಕೆಯ ರೊಡೇಷಿಯಾದ ಕಾಲೇಜಿನಲ್ಲಿ ಮುಖ್ಯಸ್ಥರಾಗಿದ್ದ ವಾಲ್ಟರ್ ಆಡಮ್ಸ್ ಅವರನ್ನು ನಿರ್ದೇಶಕರನ್ನಾಗಿ ತರುವುದನ್ನು ವಿರೋಧಿಸಿ ವಿದ್ಯಾರ್ಥಿಗಳು 1967ರಲ್ಲಿ ಧರಣಿ ಕೂತರು. 1969ರ ಜನವರಿಯಲ್ಲಿ ಆಡಳಿತ ಹಾಕಿಸಿದ್ದ ಕಬ್ಬಿಣದ ಗೇಟುಗಳನ್ನು ಕಿತ್ತುಹಾಕಿದರು, ಕೆಲವು ವಾರ ಇಡೀ ಸಂಸ್ಥೆಯೇ ಮುಚ್ಚಿತು. ಅವರು ಮಾಡಿದ್ದೆಲ್ಲ ಸರಿ ಎನ್ನುತ್ತಿಲ್ಲ. ಆದರೆ ಅವರು ಜಗಳವಾಡಿದ್ದು ಲೋಕದ ವಿಷಯಕ್ಕೆ.

ಇಂದು ಆ ಬೀದಿಗೆ ಮೊದಲ ವರ್ಷದ ಹುಡುಗ ಸೆಪ್ಟೆಂಬರ್ ಕೊನೆಗೆ ಬರುತ್ತಾನೆ. ಅಕ್ಟೋಬರ್ ಮುಗಿಯುವಷ್ಟರಲ್ಲಿ ಬ್ಯಾಂಕುಗಳಿಗೆ ಅರ್ಜಿ ಹಾಕಿರಬೇಕು. ‘ಸ್ಪ್ರಿಂಗ್ ವೀಕ್’ ಎನ್ನುತ್ತಾರೆ: ಕ್ಯಾನರಿ ವಾರ್ಫ್ ಅಥವಾ ಸಿಟಿಯ ದೊಡ್ಡ ಬ್ಯಾಂಕುಗಳು ಈಸ್ಟರ್ ಸುಮಾರಿಗೆ ಮೊದಲ ವರ್ಷದವರನ್ನು ಒಂದು ವಾರ ಕರೆದು ನೋಡುತ್ತವೆ. ಅದು ಸಿಕ್ಕರೆ ಮರುವರ್ಷದ ಬೇಸಿಗೆ ಇಂಟರ್ನ್‌ಶಿಪ್‌ಗೆ ಹಾದಿ, ಅದರಿಂದ ಕೆಲಸಕ್ಕೆ. ಅರ್ಥಶಾಸ್ತ್ರದ ಮೊದಲ ಪಾಠ ಇನ್ನೂ ತಲೆಗೆ ಇಳಿದಿರುವುದಿಲ್ಲ, ‘ನಿಮ್ಮ ಬ್ಯಾಂಕೇ ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಬಾಯಿಪಾಠವಾಗಿರಬೇಕು. ಹೂಡಿಕೆ, ಹಣಕಾಸಿನ ವಿದ್ಯಾರ್ಥಿ ಸಂಘಗಳ ಸಮಿತಿಗೆ ಸೇರಲೂ ಅರ್ಜಿ, ಸಂದರ್ಶನ. ಸ್ನೇಹಿತರಾಗಬೇಕಾದವರು ಒಬ್ಬರನ್ನೊಬ್ಬರು ಆಯ್ಕೆ ಸಮಿತಿಯಂತೆ ನೋಡುತ್ತಾರೆ. ಇದು ಮಕ್ಕಳ ತಪ್ಪಲ್ಲ. ಒಂಬತ್ತನೇ ವಯಸ್ಸಿನಿಂದ ಒಂದೊಂದೇ ಬಾಗಿಲು ತಳ್ಳುವುದನ್ನೇ ಕಲಿಸಿದರೆ, ಒಳಗೆ ಬಂದ ಮೇಲೆ ಅವರ ಕಣ್ಣು ಮುಂದಿನ ಬಾಗಿಲನ್ನೇ ಹುಡುಕುತ್ತದೆ. ಮನೆಯಲ್ಲಿ ಕೂತು ಉಣ್ಣುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ಎಲ್‌ಎಸ್‌ಇಯ ಧ್ಯೇಯವಾಕ್ಯದ ಅರ್ಥ, ಸಂಗತಿಗಳ ಕಾರಣಗಳನ್ನು ಅರಿಯುವುದು. ಕಾರಣ ಅರಿಯಲು ಬಿಡುವು ಬೇಕು, ತಪ್ಪು ಪುಸ್ತಕ ಹಿಡಿದು ಒಂದು ತಿಂಗಳು ಕಳೆಯುವ ಅವಕಾಶ ಬೇಕು.

ಕರ್ನಾಟಕದಿಂದ ನೇರವಾಗಿ ಬರುವ ವಿದ್ಯಾರ್ಥಿಗೆ ಅಂಕದ ಬಾಗಿಲಿನ ಮುಂದೆ ಹಣದ ಬಾಗಿಲೂ ಇದೆ. ಇಲ್ಲಿಯ ಮಕ್ಕಳ ಪದವಿ ಶುಲ್ಕ 2025ರಲ್ಲಿ ವರ್ಷಕ್ಕೆ 9,535 ಪೌಂಡ್ ಇತ್ತು. ಹೊರದೇಶದವರಿಗೆ ಇಂಥ ಸಂಸ್ಥೆಗಳಲ್ಲಿ 25 ಸಾವಿರ ಪೌಂಡ್ ದಾಟುತ್ತದೆ. ಓದಿನ ನಂತರ ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷವನ್ನು 2027ರ ಜನವರಿಯಿಂದ ಹದಿನೆಂಟು ತಿಂಗಳಿಗೆ ಇಳಿಸುವುದಾಗಿ ಸರ್ಕಾರ ಹೇಳಿದೆ. ಜಮೀನು ಅಡವಿಟ್ಟು ಮಗಳನ್ನು ಕಳಿಸಿದ ತಂದೆಗೆ ಆ ಆರು ತಿಂಗಳ ಬೆಲೆ ಗೊತ್ತು. ಅರ್ಹರನ್ನಷ್ಟೇ ಆರಿಸುತ್ತೇವೆ ಎಂದು ಹೇಳುವ ಸಂಸ್ಥೆ ಈ ಇನ್ನೊಂದು ಜರಡಿಯ ಬಗ್ಗೆಯೂ ಅಷ್ಟೇ ದೊಡ್ಡ ದನಿಯಲ್ಲಿ ಹೇಳಬೇಕು.

ಹಾಗಾದರೆ ಏನು ಮಾಡಬೇಕು? ಎರಡು ಸಾವಿರ ಸೀಟಿಗೆ 25 ಸಾವಿರ ಜನ ಬಂದಾಗ ಆರಿಸದೆ ದಾರಿಯಿಲ್ಲ, ಒಪ್ಪುತ್ತೇನೆ. ಎಲ್‌ಎಸ್‌ಇ ಅರ್ಥಶಾಸ್ತ್ರಕ್ಕೆ ಈಗ ಗಣಿತದ ಪ್ರತ್ಯೇಕ ಪರೀಕ್ಷೆ ಇಟ್ಟಿದೆ. ಯೂಕಾಸ್‌ನಲ್ಲಿ ಬರೆಯಬೇಕಿದ್ದ 4,000 ಅಕ್ಷರಗಳ ಸ್ವವಿವರ ಪ್ರಬಂಧವನ್ನು 2026ರ ಪ್ರವೇಶದಿಂದ ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ, ಬರೆಸಿಕೊಡುವವರಿಲ್ಲದ ಮಕ್ಕಳಿಗೆ ಅನುಕೂಲವಾಗಲಿ ಎಂದು. ಉದ್ದೇಶ ಒಳ್ಳೆಯದೇ. ಆದರೆ ಪ್ರತಿ ಹೊಸ ಪರೀಕ್ಷೆಯ ಹಿಂದೆ ಒಂದು ಹೊಸ ಟ್ಯೂಷನ್ ಹುಟ್ಟುತ್ತದೆ.

ನನ್ನ ಸಲಹೆ ಹಲವರಿಗೆ ಹಿಡಿಸದು. ಆ ಕೋರ್ಸನ್ನು ಚೆನ್ನಾಗಿ ಓದಿ ಮುಗಿಸಲು ಬೇಕಾದಷ್ಟು ಮಟ್ಟದಲ್ಲಿ ಒಂದು ಗೆರೆ ಎಳೆಯಿರಿ, ಆ ಗೆರೆಯ ಮೇಲಿರುವವರ ಹೆಸರುಗಳನ್ನು ಚೀಟಿ ಎತ್ತಿ ಆರಿಸಿ. ಇದು ಹುಚ್ಚು ಮಾತಲ್ಲ. ನೆದರ್ಲೆಂಡ್ಸ್‌ನಲ್ಲಿ ವೈದ್ಯಕೀಯ ಸೀಟುಗಳಿಗೆ ದಶಕಗಳ ಕಾಲ ಲಾಟರಿ ಇತ್ತು. 2017ರಲ್ಲಿ ಕೈಬಿಟ್ಟವರು ಕೆಲವೇ ವರ್ಷಗಳಲ್ಲಿ ಅದಕ್ಕೆ ಮತ್ತೆ ಅವಕಾಶ ಕೊಟ್ಟರು. ಕರ್ನಾಟಕದಲ್ಲೇ ಶಿಕ್ಷಣ ಹಕ್ಕು ಕಾಯ್ದೆಯ ಸೀಟುಗಳನ್ನು ಲಾಟರಿಯಿಂದ ಹಂಚಿದ್ದೇವೆ. ಸೀಟು ಸಿಗದ ಮಗುವನ್ನು ಆಗ ಯಾರೂ ದಡ್ಡ ಎಂದಿಲ್ಲ. ಚೀಟಿ ಎತ್ತಿದರೆ ಸಿಕ್ಕವನಿಗೆ ತನ್ನ ಅದೃಷ್ಟದ ಪಾಲು ತಿಳಿಯುತ್ತದೆ, ಸಿಗದವನ ಬೆನ್ನು ನೆಟ್ಟಗಿರುತ್ತದೆ. ಈಗಲೂ ಅದೃಷ್ಟವೇ ಆರಿಸುತ್ತಿದೆ. 2020ರ ಆ ನಾಲ್ಕು ದಿನ ತೋರಿಸಿದ್ದು ಅದನ್ನೇ. ಇರುವ ಸಂಗತಿಯನ್ನು ಬಾಯಿಬಿಟ್ಟು ಹೇಳೋಣ ಎಂಬುದಷ್ಟೇ ನನ್ನ ಮಾತು.

ಎರಡನೆಯದು, ಕಾಯುವ ಬಾಗಿಲು. 1916ರ ಅಕ್ಟೋಬರಿನಲ್ಲಿ ಕೊಲಂಬಿಯಾದಿಂದ ಬಂದ ಇಪ್ಪತ್ತೈದರ ತರುಣ ಭೀಮರಾವ್ ಅಂಬೇಡ್ಕರ್ ಎಲ್‌ಎಸ್‌ಇ ಸೇರಿದರು. ಮರುವರ್ಷ ಬರೋಡಾದ ವಿದ್ಯಾರ್ಥಿವೇತನದ ಅವಧಿ ಮುಗಿಯಿತು, ಓದು ಅರ್ಧಕ್ಕೆ ಬಿಟ್ಟು ಊರಿಗೆ ಮರಳಬೇಕಾಯಿತು. ಅವರ ಪುಸ್ತಕಗಳನ್ನು ಹೊತ್ತ ಹಡಗು ಯುದ್ಧದಲ್ಲಿ ಮುಳುಗಿತು. ಬರೋಡಾದಲ್ಲಿ ಅಸ್ಪೃಶ್ಯನೆಂದು ತಂಗಲು ಮನೆ ಸಿಗಲಿಲ್ಲ. ಆದರೆ ಲಂಡನ್ ವಿಶ್ವವಿದ್ಯಾನಿಲಯ ಒಂದು ಅನುಮತಿ ಕೊಟ್ಟಿತ್ತು: ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಬಹುದು. ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಹಣ ಕೂಡಿಸಿದರು, ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು, ಗೆಳೆಯರೊಬ್ಬರು ಸಾಲ ಕೊಟ್ಟರು. 1920ರಲ್ಲಿ ಅವರು ತಿರುಗಿ ಬಂದರು. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ ಡಿ.ಎಸ್ಸಿ. ಇವತ್ತು ಎಲ್‌ಎಸ್‌ಇ ತನ್ನ ಹೆಮ್ಮೆಯ ವಿದ್ಯಾರ್ಥಿಗಳ ಹೆಸರು ಹೇಳುವಾಗ ಅಂಬೇಡ್ಕರರನ್ನು ಮರೆಯುವುದಿಲ್ಲ. ಆ ಹೆಮ್ಮೆಗೆ ಅದು ಅರ್ಹವಾದದ್ದು ಅವರನ್ನು ಆರಿಸಿದ್ದರಿಂದಲ್ಲ, ಕಾದದ್ದರಿಂದ. ಹಣವಿಲ್ಲದೆ, ಕಾಯಿಲೆಯಿಂದ, ಮನೆಯ ಕಷ್ಟದಿಂದ ಹೋದ ಎಷ್ಟು ಜನರಿಗೆ ಮರಳಿ ಬರಲು ಬಾಗಿಲು ತೆರೆದಿಟ್ಟೆವು ಎಂಬ ಅಂಕಿಯನ್ನು ಈ ಸಂಸ್ಥೆಗಳು ವರ್ಷ ವರ್ಷ ಪ್ರಕಟಿಸಲಿ. ಅರ್ಜಿಗಳ ಸಂಖ್ಯೆಗಿಂತ ಅದು ಹೆಚ್ಚು ಹೇಳುತ್ತದೆ.

ನಮ್ಮ ಕೈಯಲ್ಲಿ ಇರುವುದು ಏನು? 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದ್ರಾಸು ವಿಶ್ವವಿದ್ಯಾನಿಲಯಗಳು ಹುಟ್ಟಿದ್ದು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯಲ್ಲಿ. ಆಗ ಲಂಡನ್ ವಿಶ್ವವಿದ್ಯಾನಿಲಯ ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸಿ ಪದವಿ ಕೊಡುತ್ತಿತ್ತು. ನಾವು ಅಲ್ಲಿಂದ ಪರೀಕ್ಷೆಯನ್ನು ತಂದುಕೊಂಡೆವು, ಹೊರಗಿನವರಿಗೆ ಬಾಗಿಲು ತೆರೆದ ಗೋವರ್ ಸ್ಟ್ರೀಟಿನ ಮನಸ್ಸನ್ನು ಅಲ್ಲೇ ಬಿಟ್ಟೆವು. ಲಂಡನ್ನಿನ ಕನ್ನಡ ಕೂಟಗಳಲ್ಲಿ ಪ್ರತಿ ಶರತ್ಕಾಲ ಯಾರ ಮಗ ಎಲ್ಲಿ ಸೇರಿದ ಎಂಬ ಪಟ್ಟಿ ಬಾಯಿಂದ ಬಾಯಿಗೆ ಹರಿದಾಡುತ್ತದೆ, ವೇದಿಕೆಗೆ ಕರೆದು ಚಪ್ಪಾಳೆ ತಟ್ಟುತ್ತೇವೆ. ತಟ್ಟೋಣ. ಅದೇ ವೇದಿಕೆಗೆ ನರ್ಸಿಂಗ್ ಸೇರಿದವಳನ್ನೂ, ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆದವನನ್ನೂ ಕರೆಯೋಣ. ಮಗು ಮನೆಗೆ ಬಂದಾಗ ‘ಎಷ್ಟು ಬಂತು’ ಎನ್ನುವ ಮೊದಲು ‘ಏನು ಓದಿದೆ, ಯಾವುದು ಅರ್ಥವಾಗಲಿಲ್ಲ’ ಎಂದು ಕೇಳೋಣ. ‘ಇಲ್ಲ’ ಎಂಬ ಉತ್ತರ ಬಂದ ಸಂಜೆ ತಾಯಂದಿರೇ, ದಯವಿಟ್ಟು ಒಲೆಯ ಕಡೆಯಿಂದ ತಿರುಗಿ ಅವನ ಮುಖ ನೋಡಿ.

ಆ ಹುಡುಗನಿಗೆ ನಾನು ಅಂದು ಹೇಳಬೇಕಿದ್ದ ಮಾತನ್ನು ತಡವಾಗಿ ಇಲ್ಲಿ ಹೇಳುತ್ತೇನೆ. ಗೋವರ್ ಸ್ಟ್ರೀಟಿನಿಂದ ಐದು ನಿಮಿಷ ನಡೆದರೆ ಮ್ಯಾಲೆಟ್ ಸ್ಟ್ರೀಟ್. ಅಲ್ಲಿ ಬರ್ಕ್‌ಬೆಕ್ ಕಾಲೇಜಿದೆ. 1823ರಲ್ಲಿ ಕೈಕೆಲಸದವರಿಗಾಗಿ ಹುಟ್ಟಿದ್ದು. ಎಲ್‌ಎಸ್‌ಇ ಕಟ್ಟಿದ ಸಿಡ್ನಿ ವೆಬ್ ಗುಮಾಸ್ತನಾಗಿದ್ದಾಗ ಅಲ್ಲಿ ಸಂಜೆ ಪಾಠಕ್ಕೆ ಹೋಗುತ್ತಿದ್ದರು. ಇತಿಹಾಸಕಾರ ಎರಿಕ್ ಹಾಬ್ಸ್‌ಬಾಮ್ ಅಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಡಿಎನ್‌ಎ ರಚನೆಯ ಸುಳಿವು ಕೊಟ್ಟ ಚಿತ್ರ ತೆಗೆಸಿದ ರೋಸಲಿಂಡ್ ಫ್ರಾಂಕ್ಲಿನ್ ಕೊನೆಯ ವರ್ಷಗಳಲ್ಲಿ ಸಂಶೋಧನೆ ಮಾಡಿದ್ದು ಅಲ್ಲಿಯೇ. ಬಸ್ ಓಡಿಸುವವರು, ಆಫೀಸು ಮುಗಿಸಿ ಬಂದವರು, ಮಕ್ಕಳನ್ನು ಮಲಗಿಸಲು ಗಂಡನಿಗೆ ಹೇಳಿ ಬಂದ ತಾಯಂದಿರು ಅಲ್ಲಿ ಒಟ್ಟಿಗೆ ಕೂರುತ್ತಾರೆ. ಅಲ್ಲಿ ಓದಿದವರಿಗೆ ಸಿಗುವುದೂ ಲಂಡನ್ ವಿಶ್ವವಿದ್ಯಾನಿಲಯದ ಪದವಿಯೇ. ತರಗತಿ ಶುರುವಾಗುವುದು ಸಂಜೆ ಆರಕ್ಕೆ.